ಸಂಧಿಪತ್ರ ಮತ್ತು ಶಸ್ತ್ರಬಲ

ಯುದ್ಧದಲ್ಲಿ ಸೋತ ರಾಷ್ಟ್ರದ ಕೈಯಿಂದ ಆಯುಧಗಳನ್ನು ಕಸಿದುಕೊಂಡರೆ ಶಾಂತಿ ನೆಲಸುವುದೇ? ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ನಡೆದ ಸಂಗತಿಗಳು ಈ ಪ್ರಶ್ನೆಗೆ ಉತ್ತರವೀಯುತ್ತವೆ.

1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಭೂಸೈನ್ಯವನ್ನು ಒಂದು ಲಕ್ಷಕ್ಕೆ ಮಿತಗೊಳಿಸಿತು. ಟ್ಯಾಂಕು, ಯುದ್ಧವಿಮಾನ, ಜಲಾಂತರ್ಗಾಮಿಗಳನ್ನು ಹೊಂದುವುದು ನಿಷಿದ್ಧವಾಯಿತು. ಯುದ್ಧದ ಹೊಣೆಯೂ ಪರಿಹಾರದ್ರವ್ಯದ ಹೊರೆಯೂ ಆ ರಾಷ್ಟ್ರದ ಹೆಗಲೇರಿದುವು. ಇದು ಸಕಲ ರಾಷ್ಟ್ರಗಳ ಶಸ್ತ್ರಮಿತಿಗೆ ನಾಂದಿಯಾಗಬೇಕೆಂದು ಒಪ್ಪಂದವೇ ಹೇಳಿತ್ತು. ಆದರೆ ಗೆದ್ದವರು ತಮ್ಮ ಆಯುಧಗಳನ್ನು ಕೆಳಗಿಡಲಿಲ್ಲ. 1932ರಲ್ಲಿ ಜಿನೀವದಲ್ಲಿ ಸೇರಿದ ನಿಶ್ಶಸ್ತ್ರೀಕರಣ ಸಮ್ಮೇಳನವೂ ವಿಫಲವಾಯಿತು.

ಈ ನಡುವೆ ಜರ್ಮನಿಯ ಸೇನಾಧಿಕಾರಿಗಳು ಸುಮ್ಮನಿರಲಿಲ್ಲ. ಸೈನ್ಯ ಚಿಕ್ಕದಾದುದರಿಂದ, ಪ್ರತಿಯೊಬ್ಬ ಸೈನಿಕನನ್ನೂ ಮುಂದೆ ನಾಯಕನಾಗಬಲ್ಲಂತೆ ತರಬೇತುಗೊಳಿಸಿದರು. ಮೋಟಾರು ಬಂಡಿಗಳಿಗೆ ಹಲಗೆ, ಬಟ್ಟೆಗಳ ಹೊದಿಕೆ ಹಾಕಿ, ಅವನ್ನೇ ಟ್ಯಾಂಕುಗಳೆಂದು ಭಾವಿಸಿ ಕವಾಯತು ನಡೆಸಿದರು. ಸೋವಿಯತ್ ಒಕ್ಕೂಟದ ಲಿಪೆಟ್ಸ್ಕ್‌ನಲ್ಲಿ ವಿಮಾನ ಚಾಲಕರಿಗೂ, ಕಜಾನ್ ನಗರದ ಬಳಿ ಟ್ಯಾಂಕ್ ಪಡೆಯವರಿಗೂ ಗುಟ್ಟಾಗಿ ಶಿಕ್ಷಣ ದೊರೆಯಿತು. ಒಪ್ಪಂದದಲ್ಲಿ ರಾಕೆಟ್ಟಿನ ಹೆಸರಿರಲಿಲ್ಲ. ಸೈನ್ಯದ ದೃಷ್ಟಿ ಅದರತ್ತಲೂ ಹರಿಯಿತು.

1933ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನು ಜನರ ಅಪಮಾನದ ಭಾವನೆಯನ್ನು ದ್ವೇಷವಾಗಿ ಉರಿಸಿದನು. 1935ರ ಮಾರ್ಚ್ ತಿಂಗಳಲ್ಲಿ ಆತನು ವಾಯುಪಡೆಯಿರುವುದನ್ನು ಬಹಿರಂಗಪಡಿಸಿ, ಕಡ್ಡಾಯ ಸೈನಿಕ ಸೇವೆಯನ್ನು ಮರಳಿ ಜಾರಿಗೆ ತಂದನು. ಅದೇ ವರ್ಷ ಬ್ರಿಟನ್, ತನ್ನ ನೌಕಾಬಲದ ಶೇಕಡ 35ರಷ್ಟನ್ನು ಜರ್ಮನಿಯು ಹೊಂದಬಹುದೆಂದು ಒಪ್ಪಿತು. ತಡೆಯಬೇಕಾದವರು ತಡೆಯಲಿಲ್ಲ. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿ ನಡೆಯಿತು. ಎರಡನೆಯ ಮಹಾಯುದ್ಧ ಆರಂಭವಾಯಿತು.

1944ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಮೇಲೆ ವಿ-2 ರಾಕೆಟ್ಟುಗಳು ಎರಗಿದುವು. ಬೆಟ್ಟದೊಳಗಿನ ಸುರಂಗಗಳಲ್ಲಿ ಸೆರೆಯಾಳುಗಳ ದುಡಿಮೆಯಿಂದ ಸಿದ್ಧವಾದ ಆಯುಧಗಳವು. ಅವು ಎರಗಿದಲ್ಲಿ ಮಡಿದವರಿಗಿಂತ, ಅವುಗಳ ನಿರ್ಮಾಣದಲ್ಲಿ ಹಸಿವು, ರೋಗ, ಹಿಂಸೆಗಳಿಗೆ ಬಲಿಯಾದವರೇ ಹೆಚ್ಚು. ಆದರೂ ಆ ಹೊಸ ಆಯುಧವು ಜರ್ಮನಿಯನ್ನು ಸೋಲಿನಿಂದ ಪಾರುಮಾಡಲಿಲ್ಲ. 1945ರ ಮೇ ತಿಂಗಳಲ್ಲಿ ಅದು ಶರಣಾಯಿತು.

ಈ ಬಾರಿ ಯೂರೋಪು ಬೇರೊಂದು ದಾರಿಯನ್ನೂ ಹಿಡಿಯಿತು. ಆಯುಧಗಳಿಗೆ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳನ್ನು ಒಂದೇ ಆಡಳಿತಕ್ಕೆ ಒಳಪಡಿಸಲು ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ನೆರೆಯ ನಾಲ್ಕು ರಾಷ್ಟ್ರಗಳು 1951ರಲ್ಲಿ ಒಪ್ಪಿದುವು. ಹಿಂದೆ ಹಗೆಗಳಾಗಿದ್ದ ಫ್ರಾನ್ಸ್ ಮತ್ತು ಜರ್ಮನಿ ಆಮೇಲೆ ಪರಸ್ಪರ ಯುದ್ಧ ಹೂಡಿಲ್ಲ. ಒಬ್ಬನನ್ನು ಮಾತ್ರ ನಿಶ್ಶಸ್ತ್ರಗೊಳಿಸಿ ಅವಮಾನಿಸುವುದರಿಂದ ದೊರೆಯದ ಶಾಂತಿಯು, ಹೊಣೆಯನ್ನು ಸಮನಾಗಿ ಹೊರುವುದರಿಂದ ದೊರೆಯಬಲ್ಲುದೆಂಬುದನ್ನು ನಾವು ಇದರಿಂದ ತಿಳಿಯಬಹುದು.