ನಂಬುಗೆಯೂ ಒತ್ತಾಸೆಯೂ: ಉತ್ತಂಗಿ ಚನ್ನಪ್ಪನವರ ಬರಹದ ಬಾಳು

ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ‘ಕ್ರೈಸ್ತರ ಕೊಡುಗೆ’ ಎಂಬ ಅಧ್ಯಾಯವೊಂದು ತಪ್ಪದೆ ಬರುತ್ತದೆ. ಅಚ್ಚುಕೂಟ, ಪತ್ರಿಕೆ, ನಿಘಂಟು, ವ್ಯಾಕರಣ, ಶಾಲಾಪಠ್ಯ ಎಂದು ಕೆಲಸಗಳ ಪಟ್ಟಿ ಸಾಗುತ್ತದೆ. ಕೃತಜ್ಞತೆಯ ಎರಡು ಮಾತುಗಳೊಡನೆ ಅಧ್ಯಾಯವೂ ಮುಗಿಯುತ್ತದೆ. ಕೊಡುಗೆ ಎಂಬ ಶಬ್ದವೇ ಇಲ್ಲಿ ತೊಡಕಿನದು. ಹೊರಗಿನವನು ತಂದುಕೊಡುವುದು ಕೊಡುಗೆ. ಮನೆಯವನು ಮಾಡುವುದು ಕೆಲಸ. ಮೋಗ್ಲಿಂಗ್, ಕಿಟೆಲರ ವಿಷಯದಲ್ಲಿ ಈ ಶಬ್ದ ಹೇಗೋ ಹೊಂದಿಕೊಳ್ಳುತ್ತದೆ. ಧಾರವಾಡದ ಮಣ್ಣಿನಲ್ಲಿ ಹುಟ್ಟಿ, ಸರ್ವಜ್ಞನ ತ್ರಿಪದಿಗಳನ್ನು ಹಳ್ಳಿಹಳ್ಳಿಗಳಿಂದ ಆಯ್ದು ತಂದ ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ಕೆಲಸವನ್ನೂ ‘ಕೊಡುಗೆ’ ಎಂದು ಕರೆದಾಗ ನಾವು ಅವರನ್ನು ಅರಿಯದೆಯೇ ಅತಿಥಿಯ ಪೀಠದಲ್ಲಿ ಕೂರಿಸುತ್ತೇವೆ. ಈ ಬರಹದ ಪ್ರಶ್ನೆ ಬೇರೆ. ಒಬ್ಬ ಲೇಖಕನ ಬಾಳಿನಲ್ಲಿ ಧರ್ಮಶ್ರದ್ಧೆ ಏನು ಮಾಡುತ್ತದೆ? ಅದು ಬರೆಯುವ ಕೈಗೆ ಒತ್ತಾಸೆಯಾಗಿ ನಿಲ್ಲುವುದುಂಟೇ, ಅಥವಾ ಏನನ್ನು ಬರೆಯಬೇಕೆಂದು ಕಟ್ಟಳೆ ಹಾಕುವುದಷ್ಟೇ ಅದರ ಕೆಲಸವೇ?

ಬಾಸೆಲ್ ಮಿಷನ್ನಿನ ಮೊದಲ ತಲೆಮಾರಿನಲ್ಲಿ ಒತ್ತಾಸೆಯ ಸ್ವರೂಪ ಸ್ಪಷ್ಟವಾಗಿಯೇ ಇದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1848ರಿಂದ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಈ ಮಾಲೆಯ ವೆಚ್ಚಕ್ಕೆ ನಿಂತವನು ಕಾಸಾಮೇಜರ್ ಎಂಬ ಶ್ರೀಮಂತ ಅಧಿಕಾರಿ. ಪಂಪನಿಗೆ ಅರಿಕೇಸರಿ ದೊರೆತಂತೆ ಮೋಗ್ಲಿಂಗರಿಗೆ ಕಾಸಾಮೇಜರ್ ದೊರೆತನೆಂದು ಹೇಳಬಹುದಾದರೂ, ಈ ಆಶ್ರಯದಾತ ತನ್ನ ಕೀರ್ತಿಯನ್ನು ಕಾವ್ಯದಲ್ಲಿ ಬಯಸಿದವನಲ್ಲ; ಅನ್ಯಧರ್ಮದ ಗ್ರಂಥಗಳ ಮುದ್ರಣಕ್ಕೆ ಹಣ ಕೊಟ್ಟವನು. ಕಿಟೆಲರಿಗೆ ಅಂಥ ಭಾಗ್ಯ ಸುಲಭವಾಗಿ ಒದಗಲಿಲ್ಲ. 1853ರಲ್ಲಿ ಭಾರತಕ್ಕೆ ಬಂದ ಅವರ ಭಾಷಾವ್ಯಾಸಂಗದ ಅತಿಶಯದ ಬಗ್ಗೆ ಬಾಸೆಲಿನ ಹಿರಿಯರಿಗೆ ಅಸಮಾಧಾನವಿತ್ತು. ಸುವಾರ್ತೆ ಸಾರಲು ಕಳುಹಿಸಿದ ತರುಣ ಛಂದಸ್ಸನ್ನು ಕಲಿಯುತ್ತ ಕುಳಿತದ್ದು ಅವರಿಗೆ ಅರ್ಥವಾಗಲಿಲ್ಲ. ಆದರೆ ಕಿಟೆಲರು 1862ರಲ್ಲಿ ಯೇಸುವಿನ ಬಾಳನ್ನು ‘ಕಥಾಮಾಲೆ’ ಎಂದು ಕನ್ನಡ ಛಂದಸ್ಸಿನಲ್ಲಿ ಕಟ್ಟಿದ್ದೂ, ಮುಂದೆ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ್ದೂ, 1894ರಲ್ಲಿ ನಿಘಂಟನ್ನು ಪ್ರಕಟಿಸಿದ್ದೂ ಒಂದೇ ಶ್ರದ್ಧೆಯ ವಿಸ್ತಾರವೆಂದು ತಿಳಿಯುವುದು ಯುಕ್ತ. ಸಂಸ್ಥೆ ಹಿಂಜರಿದಲ್ಲಿ ಆ ಶ್ರದ್ಧೆ ಮುಂದೆ ನಡೆಯಿತು.

ನಿಘಂಟು ಹೊರಬಂದಾಗ ಚನ್ನಪ್ಪನವರು ಹದಿಮೂರರ ಬಾಲಕ. ವೀರಶೈವ ಮೂಲದಿಂದ ಕ್ರೈಸ್ತಮತಕ್ಕೆ ಬಂದ ಮನೆತನ ಅವರದು. ಹೆಸರಿನಲ್ಲಿ ಉಳಿದ ಉತ್ತಂಗಿ ಹೂವಿನಹಡಗಲಿ ಸೀಮೆಯ ಊರು. ಹೆಸರಿನ ಉತ್ತರಾರ್ಧವಾದ ಚನ್ನಪ್ಪ ಎಂಬುದೂ ಹಳೆಯ ಮನೆಯ ಕುರುಹೇ ಆಗಿದೆ. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದು, ಉತ್ತರ ಕರ್ನಾಟಕದಲ್ಲಿ ಬೋಧಕರಾಗಿಯೂ ಸಭಾಪಾಲಕರಾಗಿಯೂ ಅವರು ದುಡಿದರು. ಈ ವೃತ್ತಿಯ ಸ್ವರೂಪವನ್ನು ಗಮನಿಸದೆ ಅವರ ಸರ್ವಜ್ಞನನ್ನು ಅರಿಯಲಾಗದು. ಬೋಧಕನು ಸಂತೆ, ಜಾತ್ರೆ, ಕಣ, ಕಟ್ಟೆಗಳಲ್ಲಿ ನಿಂತು ಮಾತನಾಡಬೇಕು. ಕೇಳುವವರು ಸುಮ್ಮನೆ ಕೇಳುವವರಲ್ಲ. ಧಾರವಾಡ ಸೀಮೆಯ ಒಕ್ಕಲಿಗ ಮಾತಿಗೆ ಮಾತು ಕೊಡುವವನು, ಅದರಲ್ಲೂ ಸರ್ವಜ್ಞನ ಮೂರು ಸಾಲನ್ನು ಮುಂದೊಡ್ಡಿ ವಾದ ಮುಗಿಸುವವನು. ಹೇಳಲು ಹೋದವನು ಕೇಳಿಸಿಕೊಂಡು ಬರುವ ಈ ಸನ್ನಿವೇಶ ಎಷ್ಟೋ ಜನ ಬೋಧಕರಿಗೆ ಒದಗಿದ್ದೀತು. ಕೇಳಿಸಿಕೊಂಡದ್ದನ್ನು ಬರೆದಿಟ್ಟುಕೊಂಡವರು ವಿರಳ.

ವರ್ಷಗಟ್ಟಲೆ ಹೀಗೆ ಬಾಯಿಂದಲೂ ಹಸ್ತಪ್ರತಿಗಳಿಂದಲೂ ಸಂಗ್ರಹಿಸಿದ ಸುಮಾರು 2000 ತ್ರಿಪದಿಗಳು ವಿಷಯಾನುಸಾರವಾಗಿ ವಿಂಗಡಣೆಗೊಂಡು 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂದು ಹೊರಬಂದವು. ಕಾಲವನ್ನು ಗಮನಿಸಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಬಾಸೆಲ್ ಮಿಷನ್ನಿನ ಉದ್ಯಮಗಳು ಕೈಬದಲಾದವು. ಮೋಗ್ಲಿಂಗರಿಗೆ ಅಚ್ಚುಕೂಟವನ್ನೂ ಕಿಟೆಲರಿಗೆ ಕೊನೆಗೂ ಪ್ರಕಾಶನವನ್ನೂ ಒದಗಿಸಿದ ಸಂಸ್ಥೆ ತಾನೇ ತತ್ತರಿಸಿದ್ದ ವರ್ಷಗಳಲ್ಲಿ ಈ ಸಂಗ್ರಹ ಮಾಗಿತು. ಹಾಗಾದರೆ ಒತ್ತಾಸೆ ಎಲ್ಲಿಂದ ಬಂತು?

ಒಂದು ಉತ್ತರ ಆ ಕಾಲದಲ್ಲಿಯೇ ಇದೆ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು, ಏಕೀಕರಣದ ಕನಸು, ಇವು ಕನ್ನಡದ ಹಳೆಯ ಸಂಪತ್ತನ್ನು ಹುಡುಕುವುದೇ ದೇಶಸೇವೆಯೆಂಬ ಭಾವವನ್ನು ಬೆಳೆಸಿದ್ದವು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಸರ್ವಜ್ಞನಿಗಿಂತ ಕೇವಲ ಒಂದು ವರ್ಷ ಮುಂಚೆ. ಹಳಕಟ್ಟಿಯವರ ಜೀವನಚರಿತ್ರೆಗಳಲ್ಲಿ ಬರುವ ಸಂಗತಿಯೊಂದು ಇಲ್ಲಿ ಸ್ಮರಣೀಯ: ಅವರು ವಚನಗಳ ಹಸ್ತಪ್ರತಿಯನ್ನು ಮೊದಲು ಕಳುಹಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ, ಅವರು ಅಚ್ಚುಹಾಕದೆ ಹಿಂದಿರುಗಿಸಿದರು. ವಚನಗಳಲ್ಲಿ ತಮ್ಮ ಬೋಧನೆಗೆ ಸಮನಾದ ತತ್ತ್ವವಿದ್ದುದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಕಾರಣ ಏನೇ ಇರಲಿ, ಮಿಷನ್ನಿನ ಅಚ್ಚುಕೂಟ ದೂರವಿಟ್ಟ ಸಾಹಿತ್ಯವನ್ನು ಮಿಷನ್ನಿನದೇ ಸಭಾಪಾಲಕರೊಬ್ಬರು ಕೊನೆಯವರೆಗೂ ಎದೆಗೊತ್ತಿಕೊಂಡರೆಂಬುದು ನಮ್ಮ ಪ್ರಶ್ನೆಯ ತಿರುಳನ್ನು ಮುಟ್ಟುತ್ತದೆ. ಸಂಸ್ಥೆಯ ನಂಬುಗೆ ಬೇರೆ, ವ್ಯಕ್ತಿಯ ನಂಬುಗೆ ಬೇರೆ. ಇವೆರಡನ್ನೂ ಕಲಸುವುದರಿಂದಲೇ ಕ್ರೈಸ್ತ ಲೇಖಕರ ಬಗೆಗಿನ ನಮ್ಮ ವಿಮರ್ಶೆ ಒಮ್ಮೆ ಅತಿಸ್ತುತಿಯೂ ಮತ್ತೊಮ್ಮೆ ಅತಿಸಂಶಯವೂ ಆಗುತ್ತದೆ.

ಇನ್ನೊಂದು ಉತ್ತರ ಒಳಗಿನದು. ಸುವಾರ್ತೆಗಳಲ್ಲಿ ಐದು ರೊಟ್ಟಿಗಳ ಪ್ರಸಂಗವಿದೆ. ಸಾವಿರಾರು ಜನ ಉಂಡು ತೃಪ್ತರಾದ ಮೇಲೆ, ಯಾವುದೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಬೇಕೆಂದು ಯೇಸು ಶಿಷ್ಯರಿಗೆ ತಿಳಿಸುತ್ತಾನೆ. ಅದ್ಭುತವನ್ನು ಮಾಡಿದವನಿಗೆ ತುಂಡುಗಳ ಚಿಂತೆಯೇಕೆ? ಅದು ದೈವಜ್ಞಾನಿಗಳ ಪ್ರಶ್ನೆ. ಸಂಪಾದಕನಿಗೆ ಮಾತ್ರ ಇದಕ್ಕಿಂತ ಒಪ್ಪುವ ಪಾಠ ಬೇರೊಂದಿಲ್ಲ. ಮುದುಕರೊಡನೆ ಸತ್ತುಹೋಗಲಿದ್ದ ಮೂರು ಸಾಲುಗಳನ್ನು ಕೂಡಿಸಿದ ಸಭಾಪಾಲಕರ ಕೆಲಸವನ್ನು ಈ ಬೆಳಕಿನಲ್ಲಿ ಓದುವುದು ನನ್ನ ಓದು. ಹಾಗೆ ಓದಿದಾಗ, ಗುರುಮಹಿಮೆ, ಲಿಂಗಪೂಜೆ, ಶಿವಭಕ್ತಿಗಳ ತ್ರಿಪದಿಗಳನ್ನು ಅವರು ಬಿಡದೆ ಸೇರಿಸಿದ್ದು ಔದಾರ್ಯವೆಂದು ತೋರುವುದಿಲ್ಲ, ಸಹಜವೆಂದೇ ತೋರುತ್ತದೆ. ಸರ್ವಜ್ಞನಲ್ಲಿ ಜಾತಿಯನ್ನು ಜರೆಯುವ ಮಾತುಗಳಿವೆ, ಅವು ಬೋಧಕನಿಗೆ ಅನುಕೂಲವಾದವು; ಅವಷ್ಟನ್ನೇ ಆಯ್ದು ಕಿರುಹೊತ್ತಗೆ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಊಟದ ರುಚಿ, ಮಳೆಬೆಳೆ, ಒಗಟು, ಹೆಂಗಸರ ಬಗೆಗಿನ ಒರಟು ಮಾತು, ಎಲ್ಲವೂ ಬಂದಿವೆ.

ದೆಹಲಿಯಲ್ಲಿ ಕನ್ನಡ ಪಾಠ ಹೇಳುವ ನಮಗೆ ಈ ಸಂದರ್ಭದಲ್ಲಿ ಈ ನಗರದ್ದೇ ಆದ ಮತ್ತೊಂದು ಬಾಳು ನೆನಪಾಗುವುದು ಸಹಜ. ಮಾಸ್ಟರ್ ರಾಮಚಂದ್ರ (1821–1880) ಹಳೆಯ ದೆಹಲಿ ಕಾಲೇಜಿನ ಗಣಿತಾಧ್ಯಾಪಕ, ಉರ್ದು ಗದ್ಯದ ಆದ್ಯರಲ್ಲೊಬ್ಬ, ಪತ್ರಿಕೆಗಳ ಸಂಪಾದಕ. ಕಲನಶಾಸ್ತ್ರದ ನೆರವಿಲ್ಲದೆ ಬೀಜಗಣಿತದಿಂದಲೇ ಗರಿಷ್ಠ ಕನಿಷ್ಠಗಳನ್ನು ಕಂಡುಹಿಡಿಯುವ ಗ್ರಂಥವನ್ನು 1850ರಲ್ಲಿ ಸ್ವಂತ ಖರ್ಚಿನಿಂದ ಕಲ್ಕತ್ತೆಯಲ್ಲಿ ಅಚ್ಚು ಮಾಡಿಸಿದ. ಅಲ್ಲಿಯ ವಿಮರ್ಶೆ ನಿರುತ್ಸಾಹದ್ದಾಗಿತ್ತು. ಲಂಡನ್ನಿನ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಮಾತ್ರ ಅದರ ಬೆಲೆಯನ್ನರಿತು 1859ರಲ್ಲಿ ತನ್ನ ಮುನ್ನುಡಿಯೊಡನೆ ಮರುಮುದ್ರಣ ಮಾಡಿಸಿದ. ಈ ನಡುವೆ 1852ರಲ್ಲಿ ರಾಮಚಂದ್ರ ದೀಕ್ಷಾಸ್ನಾನ ಪಡೆದು ಸ್ವಜನರಿಂದ ದೂರವಾದ. ಅವನೊಡನೆಯೇ ದೀಕ್ಷೆ ಪಡೆದ ವೈದ್ಯ ಚಮನ್‌ಲಾಲ್ 1857ರ ಮೇ 11ರಂದು ಹತನಾದ. ರಾಮಚಂದ್ರ ತಲೆಮರೆಸಿಕೊಂಡು ಉಳಿದ. ಇವನ ಬಾಳಿನಲ್ಲಿ ವಿದ್ಯೆಗೆ ಒತ್ತಾಸೆ ಬಂದದ್ದು ದೂರದ ವಿದ್ವಾಂಸನಿಂದ. ನಂಬುಗೆ ಬೇರೊಂದು ದಾರಿಯಲ್ಲಿ ಸಾಗಿತು; ಮುಂದೆ ಅವನ ಲೇಖನಿಯ ಬಹುಭಾಗ ಮತವಿವಾದಕ್ಕೆ ಮೀಸಲಾಯಿತು. ಉತ್ತಂಗಿಯವರ ಪಯಣ ಇದಕ್ಕೆ ತಿರುಗುಮುರುಗು. 1921ರ ಅವರ ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿಜ್ಞಾಪನೆ’. ಸವಾಲು ಎನ್ನಲಿಲ್ಲ, ಖಂಡನೆ ಎನ್ನಲಿಲ್ಲ, ವಿಜ್ಞಾಪನೆ ಎಂದರು. ಕೈಮುಗಿದು ಕೇಳುವವನ ಧ್ವನಿ ಆ ಶಬ್ದದಲ್ಲಿದೆ. ಅಲ್ಲಿಂದ ಮೂರು ವರ್ಷಕ್ಕೆ ಸರ್ವಜ್ಞ, ಬಳಿಕ ಶರಣರು.

ಅವರು ತಮಗೆ ತಾವೇ ಇಟ್ಟುಕೊಂಡ ಬಿರುದು ‘ತಿರುಳ್ಗನ್ನಡದ ತಿರುಕ’. ವಿದ್ಯಾರ್ಥಿಗಳು ಇದನ್ನು ಶಬ್ದಚಮತ್ಕಾರವೆಂದು ದಾಟಿಹೋಗುವುದುಂಟು. (ತಿರುಕ ಎಂಬ ಹೆಸರಿನಿಂದ ಬರೆದ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳೊಡನೆ ಇವರನ್ನು ಗೊಂದಲ ಮಾಡಿಕೊಂಡ ಉತ್ತರಪತ್ರಿಕೆಗಳನ್ನೂ ನೋಡಿದ್ದೇನೆ.) ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕವಿರಾಜಮಾರ್ಗ ಗುರುತಿಸುತ್ತದೆ. ಉತ್ತಂಗಿಯವರು ಬೋಧಕರಾಗಿ ತಿರುಗಿದ ಸೀಮೆ ಬಹುಮಟ್ಟಿಗೆ ಅದೇ. ಆ ತಿರುಳಿನ ಮನೆಬಾಗಿಲಲ್ಲಿ ಭಿಕ್ಷಾಪಾತ್ರೆ ಹಿಡಿದು ನಿಂತವನು ತಿರುಕ. ಸರ್ವಜ್ಞನೂ ತಿರಿದುಂಡವನೇ. ಜಂಗಮನ ಕೋರಣ್ಯ, ದಾಸರ ಮಧುಕರವೃತ್ತಿಗಳನ್ನು ಬಲ್ಲ ನಾಡಿಗೆ ಈ ಪದ ಅವಮಾನದ್ದಲ್ಲ. ಕ್ರೈಸ್ತರಿಗೂ ಅದು ಹೊರಗಿನದಲ್ಲ: ಆತ್ಮದಲ್ಲಿ ಬಡವರಾದವರು ಧನ್ಯರೆಂಬುದು ಪರ್ವತಪ್ರಸಂಗದ ಮೊದಲ ಮಾತು. ಎರಡು ಪರಂಪರೆಗಳು ಒಂದೇ ಪದದಲ್ಲಿ ಕೂಡಿವೆ. ಕೂಡಿಸಿದ ಗುರುತು ಎಲ್ಲಿಯೂ ಕಾಣುವುದಿಲ್ಲ. ಕೊಡುಗೆ ಎಂಬ ಶಬ್ದಕ್ಕೆ ಆಗಲೇ ಎತ್ತಿದ ಆಕ್ಷೇಪಣೆಗೂ ಇಲ್ಲಿ ಉತ್ತರವಿದೆ. ತಿರುಕ ಕೊಡುವವನಲ್ಲ, ಪಡೆಯುವವನು.

1949ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಉರ್ದುವಿನ ಆಡಳಿತದಲ್ಲಿ ಕನ್ನಡ ಮೂಲೆಗೆ ಸರಿದಿದ್ದ, ಮತದ ಹೆಸರಿನಲ್ಲಿ ರಕ್ತ ಹರಿದಿದ್ದ ನೆಲ ಅದು. ಖಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿಗಳ ಊರಿನಲ್ಲಿ ಒಬ್ಬ ಸಭಾಪಾಲಕರನ್ನು ಕನ್ನಡಿಗರು ತಮ್ಮ ಪೀಠದಲ್ಲಿ ಕೂರಿಸಿದರು. ನೃಪತುಂಗನ ಮಳಖೇಡವೂ ಅಲ್ಲಿಂದ ದೂರವಿಲ್ಲ. ತಿರುಳ್ಗನ್ನಡದ ತಿರುಕನಿಗೆ ಕವಿರಾಜಮಾರ್ಗದ ಸೀಮೆಯಲ್ಲಿ ದೊರೆತ ಈ ಮನ್ನಣೆಯ ನಂತರದ ವರ್ಷಗಳಲ್ಲಿ ಅವರು ವಯಸ್ಸಿಗೆ ಮೀರಿದ ದುಡಿಮೆಗೆ ತೊಡಗಿದ್ದನ್ನು ಕಾಣುತ್ತೇವೆ. 1951ರಲ್ಲಿ ‘ಅನುಭವಮಂಟಪದ ಐತಿಹಾಸಿಕತೆ’, 1955ರಲ್ಲಿ ‘ಸಿದ್ಧರಾಮ ಸಾಹಿತ್ಯ ಸಂಗ್ರಹ’. ಅನುಭವಮಂಟಪ ಕವಿಕಲ್ಪನೆಯೇ ಹೊರತು ಚರಿತ್ರೆಯಲ್ಲವೆಂಬ ಸಂಶಯ ಕೆಲವು ವಿದ್ವಾಂಸರಲ್ಲಿ ಎದ್ದಾಗ ಅದನ್ನು ಎದುರಿಸಲು ಟೊಂಕಕಟ್ಟಿದವರು ಕ್ರೈಸ್ತ ಪಾದ್ರಿ. ಅವರ ವಾದಸರಣಿಯ ಎಲ್ಲ ಕೊಂಡಿಗಳೂ ಇಂದಿನ ಸಂಶೋಧನೆಯ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ; ವಚನಗಳ ಪಠ್ಯಸಮಸ್ಯೆ ಅಂದಿಗಿಂತ ಇಂದು ಹೆಚ್ಚು ಜಟಿಲವಾಗಿದೆ. ಆದರೂ ಜಾತಿಭೇದವಿಲ್ಲದೆ ಭಕ್ತರು ಕೂಡಿ ಅನುಭವವನ್ನು ಚರ್ಚಿಸಿದ ಸಭೆಯೊಂದು ನಿಜವಾಗಿ ಇದ್ದಿತೆಂದು ಸಾಧಿಸಲು, ‘ಸಭೆ’ ಎಂಬ ಶಬ್ದಕ್ಕೇ ಬಾಳನ್ನು ಕೊಟ್ಟ ಸಭಾಪಾಲಕನಿಗಿಂತ ಆಸ್ಥೆಯುಳ್ಳವನು ಯಾರಿದ್ದಾನು?

ಕಲಬುರಗಿಯ ಸಮ್ಮೇಳನವಾಗಿ 65 ವರ್ಷಗಳ ಮೇಲೆ, 2014ರಲ್ಲಿ ಮಡಿಕೇರಿಯ ಸಮ್ಮೇಳನಕ್ಕೆ ನಾ. ಡಿಸೋಜಾ (1937–2025) ಅಧ್ಯಕ್ಷರಾದರು. ಅವರು ಪಾದ್ರಿಯಲ್ಲ; ಲೋಕೋಪಯೋಗಿ ಇಲಾಖೆಯ ನೌಕರ, ಶರಾವತಿಯ ನೀರಿನಲ್ಲಿ ಮುಳುಗಿದ ಊರುಗಳ ಕಥೆಗಾರ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಅವರು ತಮ್ಮ ಜನರ ಬಾಳನ್ನು ಯಾವ ಸಮರ್ಥನೆಯ ಹಂಗೂ ಇಲ್ಲದೆ ಬರೆಯಬಲ್ಲವರಾದರು. ಉತ್ತಂಗಿಯವರ ಕಾಲದಲ್ಲಿ ಆ ಸಲಿಗೆ ಇರಲಿಲ್ಲವೆಂದು ತೋರುತ್ತದೆ. ಅವರು ತಮ್ಮ ಸಭೆಯ ಮನೆಗಳ ಕಥೆಗಾರರಾಗಲಿಲ್ಲ, ನೆರೆಮನೆಯ ಮಾತುಗಳ ಸಂಗ್ರಾಹಕರಾದರು.

ಸರ್ವಜ್ಞನ ಪಠ್ಯದ ಕೆಲಸ ಮುಂದೆ ಎಲ್. ಬಸವರಾಜು ಮೊದಲಾದವರ ಕೈಯಲ್ಲಿ ಬೆಳೆಯಿತು. ಅಂಕಿತವೊಂದನ್ನೇ ನಂಬಿ ಸೇರಿಸಿದ ಎಷ್ಟೋ ತ್ರಿಪದಿಗಳು ಸರ್ವಜ್ಞನವೇ ಎಂಬ ಪ್ರಶ್ನೆ ಉಳಿದೇ ಇದೆ; ಒಬ್ಬ ಕವಿಯ ಪಠ್ಯವನ್ನು ಅರಸುವವರಿಗೆ 1924ರ ಸಂಗ್ರಹ ತೀರ ವಿಶಾಲವಾಗಿ ಕಾಣುತ್ತದೆ. ಒಂದು ನಾಡು ಸರ್ವಜ್ಞನ ಹೆಸರಿನಲ್ಲಿ ಏನೇನನ್ನು ನೆನಪಿಟ್ಟುಕೊಂಡಿತ್ತೆಂದು ಅರಸುವವರು ಈಗಲೂ ಮೊದಲು ತೆರೆಯಬೇಕಾದದ್ದು ಅದನ್ನೇ. ನಮ್ಮ ಸಂಶೋಧನ ವಿದ್ಯಾರ್ಥಿಗಳು ಇವೆರಡು ಓದುಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೊಂದು ತ್ರಿಪದಿಯ ಪಾಠಾಂತರಗಳನ್ನು ಧಾರವಾಡ, ಹಾವೇರಿ, ಗದಗುಗಳ ಹಳ್ಳಿಗಳಲ್ಲಿ ಇನ್ನೂ ಕೇಳಿಬರುವ ರೂಪಗಳೊಡನೆ ಹೋಲಿಸಿ ನೋಡುವ ಕೆಲಸ ಬಾಕಿಯಿದೆ.