ಗಾಜಿನ ಎಳೆ

ನಮ್ಮದು ಸಗರನಾಡು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಬರುತ್ತದೆ. ಕಾಲುವೆಯ ಮೇಲ್ಭಾಗದ ಹೊಲಕ್ಕೆ ನೀರು ಹೆಚ್ಚು. ಕೊನೆಯ ಭಾಗದ ಹೊಲಕ್ಕೆ ಕಡಿಮೆ. ಇದು ನಮಗೆಲ್ಲ ಗೊತ್ತಿದ್ದ ಮಾತು.

ಇಂಟರ್‌ನೆಟ್ಟಿನ ತಾಮ್ರದ ತಂತಿಯೂ ಹಂಗೇ ಅದ. ಟೆಲಿಫೋನ್ ಎಕ್ಸ್‌ಚೇಂಜಿನ ಹತ್ತಿರದ ಮನೆಗೆ ವೇಗ ಸಿಗುತ್ತದೆ. ನಾಲ್ಕೈದು ಕಿಲೋಮೀಟರ್ ದೂರದ ಮನೆಗೆ ಬಹಳ ಕಡಿಮೆ. ತಾಮ್ರದಲ್ಲಿ ಹರಿಯುವುದು ವಿದ್ಯುತ್ತು. ದೂರ ಹೋದಂತೆ ಅದು ಸೊರಗುತ್ತದೆ. ಜೋಡಣೆಯಲ್ಲಿ ಮಳೆನೀರು ಇಳಿದರೆ ಲೈನು ಕೆಡುತ್ತದೆ.

ಫೈಬರ್ ಅಂದರೆ ಗಾಜಿನ ಎಳೆ. ತಲೆಕೂದಲಿನಷ್ಟು ಸಣ್ಣದು. ಅದರೊಳಗೆ ಹರಿಯುವುದು ಬೆಳಕು. ಗಾಜನ್ನು ಬಹಳ ಶುದ್ಧ ಮಾಡಿದರೆ ಬೆಳಕು ದೂರ ಹೋಗುತ್ತದೆ ಎಂದು 1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವ್ ತೋರಿಸಿದರು. ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಾಜಿನ ಎಳೆಯಲ್ಲಿ ಕೊನೆಯ ಮನೆಗೂ ವೇಗ ಮುಟ್ಟುತ್ತದೆ.

ಒಂದು ಕೊರತೆಯೂ ಅದ. ಹಳೆಯ ಟೆಲಿಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು. ಮನೆಯ ಕರೆಂಟ್ ಹೋದರೂ ಮಾತಾಡಬಹುದಿತ್ತು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಕರೆಂಟ್ ಹೋದರೆ ಫೈಬರ್ ಡಬ್ಬಿಯೂ ಬಂದ್. ಅದಕ್ಕೆ ಬ್ಯಾಟರಿ ಬೇಕು.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಅದಕ್ಕೆ ಈಗ ಭಾರತ್‌ನೆಟ್ ಎಂದು ಹೆಸರು. ಆದರೆ ಪಂಚಾಯಿತಿಗೆ ಬಂದ ಎಳೆ ನಮ್ಮ ಮನೆಗೂ ಬಂದಂತಲ್ಲ. ಕಂಬದ ತನಕ ಫೈಬರ್, ಕಂಬದಿಂದ ಮನೆಗೆ ತಾಮ್ರ ಇರಬಹುದು. ಅದಕ್ಕೇ ಕೇಳಬೇಕು.

ನಮ್ಮ ಮನೆಯ ಮಾತು ಹೇಳುತ್ತೇವೆ. ನಮ್ಮದು ತಾಮ್ರದ ಲೈನು. ಹೊಸ ಕಂಪನಿಯ ಹುಡುಗ ಬಂದ. ಅವ್ವ ಕೇಳಿದಳು:

“ತಮ್ಮಾ, ಮನಿತನಕ ಫೈಬರ್ ಬರ್ತದೇನು?”

“ಬರ್ತದರೀ ಅವ್ವಾ.”

“ತಿಂಗಳಿಗೆ ಎಷ್ಟು?”

“ಐನೂರು ರೂಪಾಯಿರೀ.”

“ಬಿಲ್ಲಿನಾಗ ಎಷ್ಟು ಬರ್ತದ?”

ಹುಡುಗ ನಕ್ಕ. “ತೆರಿಗಿ ಸೇರಿ ಐನೂರಾ ತೊಂಬತ್ತರೀ.”

ನೂರಕ್ಕೆ 18ರಂತೆ 500ಕ್ಕೆ ಜಿಎಸ್‌ಟಿ 90 ರೂಪಾಯಿ. ಅವ್ವ ಸರಿಯಾಗಿಯೇ ಕೇಳಿದ್ದಳು. ಹೊಸ ಲೈನು ಬಂತು. ಮಕ್ಕಳ ಪಾಠ ತಡೆಯಿಲ್ಲದೆ ನಡೆಯಿತು.

ಆದರೆ ನಾವು ಒಂದು ತಪ್ಪು ಮಾಡಿದೆವು. ಹಳೆಯ ಲೈನು ಬಂದ್ ಮಾಡ್ರಿ ಎಂದು ಬಾಯಿಂದ ಹೇಳಿ ಬಂದೆವು. ಬರೆದು ಕೊಡಲಿಲ್ಲ. ಮತ್ತೆ ಮೂರು ತಿಂಗಳ ಬಿಲ್ಲು ಬಂತು. “ಅರ್ಜಿ ಎಲ್ಲಿ?” ಎಂದರು. ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ರೊಕ್ಕ ಕಟ್ಟಿದೆವು. ಬರೆಯಲು ಬರುತ್ತಿತ್ತು. ಆದರೂ ಬರೆಯಲಿಲ್ಲ.

ಮೊಬೈಲಿನಲ್ಲಿ ಹಾಗಲ್ಲ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರಿಂದ ದೇಶದ ತುಂಬ ಇದೆ. ಮನೆಯ ಇಂಟರ್‌ನೆಟ್ ಲೈನು ತಾನಾಗಿ ಬದಲಾಗುವುದಿಲ್ಲ. ಹೊಸದನ್ನು ನಾವೇ ಪಡೆಯಬೇಕು. ಹಳೆಯದನ್ನು ನಾವೇ ಮುಚ್ಚಿಸಬೇಕು.

ನೆನಪಿಡೋಣ

1. ನೆರೆಮನೆಯವರನ್ನು ಕೇಳೋಣ. ಅವರ ಲೈನು ಹೇಗಿದೆ ನೋಡೋಣ.
2. ತೆರಿಗೆ, ಜೋಡಣೆ ಖರ್ಚು, ಡಬ್ಬಿಯ ಠೇವಣಿ ಎಲ್ಲ ಕೂಡಿಸಿ ಲೆಕ್ಕ ಹಾಕೋಣ.
3. ಓದದೆ ಸಹಿ ಹಾಕಬಾರದು.
4. ಹೊಸ ಲೈನು ಸರಿಯಾಗಿ ನಡೆದ ಮೇಲೆ ಹಳೆಯದಕ್ಕೆ ಅರ್ಜಿ ಬರೆಯೋಣ. ನಕಲಿನ ಮೇಲೆ ತಾರೀಖು, ಸಹಿ, ಮೊಹರು ಪಡೆಯೋಣ.
5. ಹಳೆಯ ಡಬ್ಬಿ ಹಿಂದಿರುಗಿಸಿ ರಸೀದಿ ಪಡೆಯೋಣ. ಠೇವಣಿ ಕೇಳೋಣ.
6. ಗಾಜಿನ ಎಳೆಯನ್ನು ಮಡಚಬಾರದು. ತುಂಡಾದ ತುದಿಯೊಳಗೆ ಇಣುಕಬಾರದು. ಕಾಣದ ಬೆಳಕು ಕಣ್ಣಿಗೆ ಅಪಾಯ.
7. ಡಬ್ಬಿಯ ಮೇಲೆ ‘ಎಲ್‌ಓಎಸ್’ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದು ಅರ್ಥ. ದೂರು ಕೊಡೋಣ. ದೂರಿನ ನಂಬರ್ ಬರೆದಿಡೋಣ.

ಉತ್ತರ ಬರೆಯಿರಿ

1. ತಾಮ್ರದಲ್ಲಿ ಏನು ಹರಿಯುತ್ತದೆ? ಗಾಜಿನಲ್ಲಿ ಏನು ಹರಿಯುತ್ತದೆ?
2. ತಿಂಗಳಿಗೆ 400 ರೂಪಾಯಿ ಎಂದರೆ ತೆರಿಗೆ ಸೇರಿ ಎಷ್ಟು?
3. ಹಳೆಯ ಲೈನು ಬಂದ್ ಮಾಡಲು ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿರಿ.