ನೆಲದಿಂದ ಮನೆಗೆ ಬರುವ ರೇಡಾನ್



ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಅಂಥ ಒಂದು ಅನಿಲ ನೆಲದಿಂದ ಮನೆಯೊಳಗೆ ಬರುತ್ತದೆ ಅಂದ್ರೆ ನಂಬ್ತೀರಾ? ಅದರ ಹೆಸರು ರೇಡಾನ್. ಕಲ್ಲಿನಲ್ಲೂ ಮಣ್ಣಿನಲ್ಲೂ ಯುರೇನಿಯಂ ಎಂಬ ಧಾತು ಅಷ್ಟಿಷ್ಟು ಇದ್ದೇ ಇರುತ್ತದೆ. ಅದು ತಾನಾಗಿಯೇ ಒಡೆಯುತ್ತಾ ಒಡೆಯುತ್ತಾ ಕೊನೆಗೆ ರೇಡಿಯಂ ಆಗುತ್ತದೆ. ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಯುರೇನಿಯಂ, ರೇಡಿಯಂ ಎರಡೂ ಘನ ವಸ್ತು, ಕಲ್ಲು ಬಿಟ್ಟು ಕದಲಲ್ಲ. ರೇಡಾನ್ ಮಾತ್ರ ಅನಿಲ, ಹಾಗಾಗಿ ಮಣ್ಣಿನ ಸಂದಿಯಲ್ಲಿ ತೂರಿಕೊಂಡು ಮೇಲೆ ಬರುತ್ತದೆ. ಬಯಲಿನಲ್ಲಾದರೆ ಗಾಳಿಗೆ ಬೆರೆತು ಹೋಗುತ್ತದೆ. ಮುಚ್ಚಿದ ಮನೆಯಾದರೆ ಅಲ್ಲೇ ಕೂಡಿಕೊಳ್ಳುತ್ತದೆ.

ಇದು ಎಷ್ಟು ಕೂಡಿಕೊಳ್ಳಬಹುದು ಅನ್ನೋದಕ್ಕೆ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಹೇಳ್ತೀನಿ. ಪೆನ್ಸಿಲ್ವೇನಿಯಾ ರಾಜ್ಯದ ಲಿಮರಿಕ್ ಅಣು ವಿದ್ಯುತ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರ್ ಕೆಲಸ ಮಾಡುತ್ತಿದ್ದರು. 1984ರ ಡಿಸೆಂಬರಿನಲ್ಲಿ ಅವರು ಅಲ್ಲಿನ ವಿಕಿರಣ ಪತ್ತೆ ಯಂತ್ರದ ಮುಂದೆ ಬಂದರೆ ಸಾಕು, ಗಂಟೆ ಹೊಡೆದುಕೊಳ್ಳುತ್ತಿತ್ತು. ಆ ಸ್ಥಾವರ ಇನ್ನೂ ವಿದ್ಯುತ್ ಕೊಡಲು ಶುರು ಮಾಡಿರಲಿಲ್ಲ. ಹಾಗಾದರೆ ವಿಕಿರಣ ಎಲ್ಲಿಂದ? ಒಂದು ದಿನ ಅವರು ಕೆಲಸದ ಜಾಗಕ್ಕೆ ಹೋಗುವ ಮೊದಲೇ ಯಂತ್ರದ ಮುಂದೆ ನಿಂತರು. ಆಗಲೂ ಹೊಡೀತು! ಅಂದರೆ ಅದು ಮನೆಯಿಂದಲೇ ಮೈಗೆ, ಬಟ್ಟೆಗೆ ಅಂಟಿಕೊಂಡು ಬಂದದ್ದು. ಮನೆಯನ್ನು ಅಳೆದರೆ 1 ಘನ ಮೀಟರ್ ಗಾಳಿಯಲ್ಲಿ ಸುಮಾರು 1 ಲಕ್ಷ ಬೆಕೆರೆಲ್ ರೇಡಾನ್ ಇತ್ತು. ಒಂದು ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿರುವ ಮಿತಿ 100, ಅದು ಸಾಧ್ಯವಾಗದ ದೇಶಗಳಲ್ಲೂ 300 ದಾಟಬಾರದು. ನೀವೇ ಲೆಕ್ಕ ಹಾಕಿ. ಹೆಂಡತಿ ಮಕ್ಕಳೆಲ್ಲ ಅದೇ ಗಾಳಿ ಉಸಿರಾಡುತ್ತಿದ್ದರು. ವಿಚಿತ್ರ ಅಂದ್ರೆ ಪಕ್ಕದ ಮನೆಯಲ್ಲಿ ಅಷ್ಟು ಇರಲೇ ಇಲ್ಲ. ಆದ್ದರಿಂದ ಪ್ರತಿ ಮನೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ರೇಡಾನ್‌ನಿಂದ ಕೆಡುಕು ಹೇಗೆ? ಅದು ಒಡೆದಾಗ ಪೊಲೋನಿಯಂ ಮುಂತಾದ ಘನ ಕಣಗಳು ಹುಟ್ಟುತ್ತವೆ. ಅವು ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕೂರುತ್ತವೆ. ಅಲ್ಲಿಂದ ಆಲ್ಫಾ ಕಿರಣ ಹೊರಡುತ್ತದೆ. ಆಲ್ಫಾ ಕಿರಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಆದರೆ ಶ್ವಾಸಕೋಶದ ಒಳಗೆ ಕಾಗದ ಇಡೋಕಾಗುತ್ತಾ? ಹೀಗೆ ವರ್ಷಾನುಗಟ್ಟಲೆ ನಡೆದರೆ ಕ್ಯಾನ್ಸರ್ ಬರಬಹುದು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಹಳೆ ಕಾಲದಲ್ಲಿ ಹಗೇವಿಗೆ ಇಳಿಯುವ ಮೊದಲು ಬಾಯಿ ತೆಗೆದು ಗಾಳಿಯಾಡಲು ಬಿಡುತ್ತಿದ್ದರು ಎಂದು ಹಿರಿಯರು ಹೇಳ್ತಾರೆ. ಹಗೇವಿನ ಕೆಟ್ಟ ಗಾಳಿ ತಕ್ಷಣ ಉಸಿರು ಕಟ್ಟಿಸುತ್ತದೆ. ರೇಡಾನ್ ಹಾಗಲ್ಲ, ಕೆಮ್ಮು ಕೂಡ ಬರಿಸಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಅಳತೆಗೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡನ್ನು ಡಬ್ಬಿಯಲ್ಲಿಟ್ಟು ಕೆಲವು ತಿಂಗಳು ಮನೆಯಲ್ಲಿ ಇಡುತ್ತಾರೆ. ಆಲ್ಫಾ ಕಣ ಬಡಿದಲ್ಲೆಲ್ಲ ಗುರುತು ಬೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಗುರುತು ಎಣಿಸುತ್ತಾರೆ.

ಈಗ ಮುಖ್ಯ ವಿಷಯ, ಕಡಿಮೆ ಮಾಡುವುದು ಹೇಗೆ? ಮನೆಯೊಳಗಿನ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಆಗ ಕೆಳಗಿನಿಂದ ಮನೆ ಗಾಳಿ ಎಳೆದುಕೊಳ್ಳುತ್ತದೆ, ನಾವು ಕೊಳವೆ ಹಾಕಿ ಎಳನೀರು ಹೀರಿದ ಹಾಗೆ. ನೆಲದ ಬಿರುಕು, ಪೈಪು ಬರುವ ತೂತು, ಇವೇ ರೇಡಾನ್‌ಗೆ ದಾರಿ. ಬಿರುಕನ್ನು ಸಿಮೆಂಟಿನಿಂದ ಮುಚ್ಚಬೇಕು, ಆದರೆ ಅಷ್ಟೇ ಮಾಡಿದರೆ ಸಾಲದು. ಕಣ್ಣಿಗೆ ಕಾಣದ ಸಂದಿ ಎಷ್ಟೋ ಇರುತ್ತವೆ. ಆದ್ದರಿಂದ ನೆಲಕ್ಕೆ ತೂತು ಕೊರೆದು, ಕೆಳಗಿನ ಜಲ್ಲಿಯವರೆಗೆ ಪೈಪು ಇಳಿಸಿ, ಅದಕ್ಕೆ ಫ್ಯಾನು ಕೂರಿಸಿ, ಪೈಪಿನ ಬಾಯನ್ನು ಸೂರಿನ ಮೇಲಕ್ಕೆ ಬಿಡುತ್ತಾರೆ. ಮನೆ ಹೀರುವ ಮೊದಲೇ ಫ್ಯಾನು ಹೀರಿ ಹೊರಗೆ ಹಾಕುತ್ತದೆ! ನನಗೆ ಬಹಳ ಇಷ್ಟವಾದ ಉಪಾಯ ಇದು. ಫ್ಯಾನು ಹಗಲು ರಾತ್ರಿ ಓಡುತ್ತಲೇ ಇರಬೇಕು. ಮನೆ ಸರಿಪಡಿಸಿದ ಮೇಲೆ ವಾಟ್ರಸ್ ಕುಟುಂಬ 1985ರಲ್ಲೇ ಅದೇ ಮನೆಗೆ ವಾಪಸು ಬಂತು.

ಕಿಟಕಿ ತೆಗೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಬೇಗ ಕಡಿಮೆಯಾಗುತ್ತೆ. ಆದರೆ ಹಿಮ ಬೀಳುವ ದೇಶದಲ್ಲಿ ತಿಂಗಳುಗಟ್ಟಲೆ ಕಿಟಕಿ ತೆಗೆಯಲ್ಲ, ಮುಚ್ಚಿದರೆ ಮತ್ತೆ ಕೂಡಿಕೊಳ್ಳುತ್ತೆ. ನಮ್ಮ ಹಳೆ ಮನೆಗಳಲ್ಲಿ ಬೆಳಕಿಂಡಿ, ಗವಾಕ್ಷಿ ಇರುತ್ತಿದ್ದವು. ಈಗ ಕಟ್ಟುವ ತಾರಸಿ ಮನೆಗಳಲ್ಲಿ ಕೆಲವರು ಅದನ್ನು ಬಿಡೋದೇ ಇಲ್ಲ. ನನಗಂತೂ ಅದು ಸರಿ ಅನ್ನಿಸಲ್ಲ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಮಲಗುವವರು ಹಗಲಲ್ಲಾದರೂ ಬಾಗಿಲು ತೆಗೆದಿಡಬೇಕು.

ಇನ್ನೊಂದು ಮಾತು. ಕಲ್ಲಿನ ಆಳದಿಂದ ಬರುವ ಬೋರ್‌ವೆಲ್ ನೀರಿನಲ್ಲೂ ರೇಡಾನ್ ಕರಗಿರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. ನೀರು ಕುದಿಸಿದರೆ ಅಥವಾ ಎತ್ತರದಿಂದ ಸುರಿದರೆ ಬಹುಪಾಲು ಹಾರಿಹೋಗುತ್ತದೆ, ಆಗ ಅಡುಗೆಮನೆಯ ಕಿಟಕಿ ತೆಗೆದಿರಬೇಕು. ರೇಡಾನ್ 3.8 ದಿನಕ್ಕೆ ಅರ್ಧವಾಗುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಸುಮ್ಮನೆ ನಿಂತ ನೀರಿನಲ್ಲೂ ಎಂಟು ದಿನಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಉಳಿದಿರಲ್ಲ.